ವಾಪಸ್ ಬಂದ ಹಸ್ತಪ್ರತಿ

ಕಥೆ ಬರೆದು ಪತ್ರಿಕೆಗೆ ಕಳಿಸಿದವರಿಗೆ ಆ ಕಾಯುವಿಕೆ ಏನೆಂದು ಗೊತ್ತು. ಮೊದಲ ವಾರ ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುತ್ತೇವೆ. ತಿಂಗಳಾದ ಮೇಲೆ, ಇನ್ನೂ ಓದಿರಲಿಕ್ಕಿಲ್ಲ ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಮೂರು ತಿಂಗಳಿಗೆ ಒಂದು ಸಾಲಿನ ಉತ್ತರ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಾನು ಹೀಗೆ ಕಳಿಸಿದ ಕಥೆಗಳು ಏಳು. ಒಂದೂ ಅಚ್ಚಾಗಲಿಲ್ಲ. ಡಿಗ್ರಿ ಮುಗಿದು ಎರಡು ವರ್ಷವಾಗಿದೆ, ಕೆಲಸವೂ ಸಿಕ್ಕಿಲ್ಲ. ಮನೆಯಲ್ಲಿ ಕಥೆಯ ಮಾತೆತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಬಾಗೂರಿನಿಂದ ಬಸ್ ಹಿಡಿದು ಚನ್ನರಾಯಪಟ್ಟಣದ ಲೈಬ್ರರಿಗೆ ಪರೀಕ್ಷೆಗೆ ಓದಲು ಹೋಗುವ ನಾನು, ಹೋದ ತಿಂಗಳು ಒಂದು ದಿನ ಪರೀಕ್ಷೆಯ ಪುಸ್ತಕ ಬದಿಗಿಟ್ಟು ಆರ್.ಕೆ. ನಾರಾಯಣ್ ಅವರ ಆತ್ಮಕಥೆ ‘ಮೈ ಡೇಸ್’ ಕೈಗೆತ್ತಿಕೊಂಡೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ನಮಗೆಲ್ಲ ಪರಿಚಿತರಾದ ಲೇಖಕ ಅವರು. ಹುಟ್ಟಿದಾಗಿನಿಂದ ದೊಡ್ಡ ಲೇಖಕರೇ ಆಗಿದ್ದರೇನೋ ಎಂದುಕೊಂಡಿದ್ದೆ. ಅವರ ಯೌವನದ ಕಥೆ ಓದಿದ ಮೇಲೆ ಅದನ್ನು ನನ್ನಂಥ ನಾಲ್ಕು ಜನರಿಗೆ ಹೇಳಬೇಕೆನಿಸಿತು.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ಬಾಲ್ಯವೆಲ್ಲ ಅಲ್ಲಿನ ಪುರಸವಾಕ್ಕಂನಲ್ಲಿ ಅಜ್ಜಿಯ ಮನೆಯಲ್ಲಿ ಕಳೆಯಿತು. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು. ಅವರಿಗೆ ಮೈಸೂರಿನ ಮಹಾರಾಜಾ ಹೈಸ್ಕೂಲಿಗೆ ವರ್ಗವಾದಾಗ ಮಗನೂ ಮೈಸೂರಿಗೆ ಬಂದರು. ತಂದೆಯ ಶಾಲೆಯ ಲೈಬ್ರರಿ ದೊಡ್ಡದಾಗಿತ್ತು. ನಾರಾಯಣ್ ಪಠ್ಯಪುಸ್ತಕ ಬಿಟ್ಟು ಮಿಕ್ಕಿದ್ದನ್ನೆಲ್ಲ ಓದಿದರು. ಇದರ ಫಲ ಬೇಗನೆ ಗೊತ್ತಾಯಿತು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಮುಖ್ಯೋಪಾಧ್ಯಾಯರ ಮಗ ಫೇಲಾದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಒಂದು ವರ್ಷ ಮನೆಯಲ್ಲೇ ಕುಳಿತು ಓದುತ್ತ, ಬರೆಯುತ್ತ ಕಳೆದರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜು ಸೇರಿದರು. ಅಲ್ಲಿಯೂ ಮೂರು ವರ್ಷದ ಬಿ.ಎ. ಮುಗಿಸಲು ನಾಲ್ಕು ವರ್ಷ ಹಿಡಿಯಿತು. 1930ರಲ್ಲಿ ಪದವಿ ಕೈಗೆ ಬಂದಾಗ ಅವರಿಗೆ ವಯಸ್ಸು ಇಪ್ಪತ್ನಾಲ್ಕರ ಹತ್ತಿರ.

ಮುಂದೇನು ಎನ್ನುವುದು ಆಗಲೂ ಈಗಿನಷ್ಟೇ ದೊಡ್ಡ ಪ್ರಶ್ನೆ. ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು, ಇವರು ಕೇಳಿದರು. ಆಮೇಲೆ ಚನ್ನಪಟ್ಟಣದಲ್ಲಿ ಶಾಲಾ ಮೇಷ್ಟರ ಕೆಲಸ ಸಿಕ್ಕಿತು. ಡ್ರಿಲ್ ಮೇಷ್ಟರು ಬಾರದ ದಿನ ಅವರ ತರಗತಿಯನ್ನೂ ತೆಗೆದುಕೊಳ್ಳಿ ಎಂದಾಗ ನಾರಾಯಣ್ ಕೆಲಸ ಬಿಟ್ಟು ಮನೆಗೆ ಬಂದರು. ಸರ್ಕಾರಿ ಕೆಲಸ ಬಿಟ್ಟು ಬಂದ ಮಗನನ್ನು ಅಂದಿನ ಮನೆಯವರು ಹೇಗೆ ನೋಡಿರಬಹುದು ಎಂದು ನಾವು ಊಹಿಸಬಹುದು. ಆದರೆ ಅವರು ತಾನು ಲೇಖಕನೇ ಆಗುವುದು, ಬೇರೆ ಯಾವ ಕೆಲಸಕ್ಕೂ ಹೋಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ದಿನಗಳಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಬದುಕುತ್ತೇನೆ ಎಂದು ಮೈಸೂರಿನ ಹುಡುಗನೊಬ್ಬ ಹೇಳಿದರೆ ನಗುವವರೇ ಹೆಚ್ಚು.

1930ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಅಜ್ಜಿ ಒಳ್ಳೆಯ ದಿನ ನೋಡಿ ಹೇಳಿದರು. ನಾರಾಯಣ್ ಒಂದು ನೋಟ್‌ಬುಕ್ ಕೊಂಡುತಂದು ಬರೆಯಲು ಕುಳಿತರು. ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಕಚ್ಚುತ್ತ ಕುಳಿತಿದ್ದಾಗ ಒಂದು ಚಿಕ್ಕ ರೈಲು ನಿಲ್ದಾಣ ಮನಸ್ಸಿಗೆ ಬಂತು. ಅದರ ಹೆಸರು ಮಾಲ್ಗುಡಿ. ಅಲ್ಲಿಂದ ಹುಟ್ಟಿದ್ದು ಸ್ವಾಮಿ ಎಂಬ ಹುಡುಗನ ಕಾದಂಬರಿ. ಇಂದು ಲಕ್ಷಾಂತರ ಜನರಿಗೆ ಗೊತ್ತಿರುವ ಊರು ಅಂದು ಒಂದು ನೋಟ್‌ಬುಕ್ಕಿನೊಳಗೆ ಮಾತ್ರ ಇತ್ತು.

ಕಾದಂಬರಿ ಮುಗಿಯಿತು. ಈಗ ಪ್ರಕಾಶಕರು ಬೇಕು. ಇಂಗ್ಲಿಷ್ ಕಾದಂಬರಿ ಪ್ರಕಟಿಸುವವರು ಇದ್ದದ್ದು ಲಂಡನ್ನಿನಲ್ಲಿ. ಹಸ್ತಪ್ರತಿ ಹಡಗಿನಲ್ಲಿ ಹೋಗಬೇಕು, ಹಡಗಿನಲ್ಲೇ ಉತ್ತರ ಬರಬೇಕು. ಅದು ಹೋಯಿತು, ವಾಪಸ್ ಬಂತು. ಮತ್ತೊಬ್ಬ ಪ್ರಕಾಶಕರಿಗೆ ಹೋಯಿತು, ಮತ್ತೆ ವಾಪಸ್ ಬಂತು. ಪತ್ರಿಕೆಗಳಿಗೆ ಕಳಿಸಿದ ಕಥೆ, ಲೇಖನಗಳ ಕಥೆಯೂ ಇದೇ. ವಿಷಾದ ತಿಳಿಸುವ ಅಚ್ಚಾದ ಚೀಟಿಯೊಂದನ್ನು ಲಗತ್ತಿಸಿ ಕಳಿಸುತ್ತಿದ್ದರು. ನಮಗೆ ಇಂದು ಮೇಲಿನಲ್ಲಿ ಬರುವ ಒಂದೇ ಅಚ್ಚಿನ ಉತ್ತರದ ಅಜ್ಜ ಆ ಚೀಟಿ.

ದುಡಿಮೆಯ ಲೆಕ್ಕ ಇನ್ನೂ ಕಷ್ಟ. ಅವರ ಬರಹ ಮೊದಲು ಅಚ್ಚಾದದ್ದು ಕಥೆಯಾಗಿ ಅಲ್ಲ, ಒಂದು ಪುಸ್ತಕ ವಿಮರ್ಶೆಯಾಗಿ. ಆ ಪುಸ್ತಕವೋ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕಡಲ ಕಾನೂನಿಗೆ ಸಂಬಂಧಿಸಿದ್ದು! ಬರವಣಿಗೆಯಿಂದ ಮೊದಲ ವರ್ಷ ಸಿಕ್ಕಿದ ಒಟ್ಟು ಆದಾಯ 9 ರೂಪಾಯಿ 12 ಆಣೆ. ಎರಡನೆಯ ವರ್ಷ ಒಂದು ಕಥೆಗೆ 18 ರೂಪಾಯಿ. ಮೂರನೆಯ ವರ್ಷ ಮಕ್ಕಳ ಕಥೆಯೊಂದಕ್ಕೆ 30 ರೂಪಾಯಿ. 1933ರಲ್ಲಿ ಲಂಡನ್ನಿನ ‘ಪಂಚ್’ ಎಂಬ ಹೆಸರಾಂತ ಹಾಸ್ಯ ಪತ್ರಿಕೆ ಅವರ ಒಂದು ಬರಹವನ್ನು ತೆಗೆದುಕೊಂಡಿತು. ಅಷ್ಟಾದರೂ ಸ್ವಾಮಿಯ ಕಾದಂಬರಿಗೆ ಯಾರೂ ಬಾಗಿಲು ತೆರೆಯಲಿಲ್ಲ.

ಅದೇ ವರ್ಷ ಕೊಯಮತ್ತೂರಿನ ಅಕ್ಕನ ಮನೆಗೆ ಹೋದಾಗ ರಾಜಂ ಎಂಬ ಹುಡುಗಿಯನ್ನು ನೋಡಿ ಮನಸೋತರು. ಕೆಲಸವಿಲ್ಲ, ಸಂಪಾದನೆಯಿಲ್ಲ, ಮೇಲಾಗಿ ಜಾತಕವೂ ಕೂಡುವುದಿಲ್ಲ. ಹುಡುಗನ ಜಾತಕದಲ್ಲಿ ಕುಜದೋಷವಿದೆ ಎಂದು ಹುಡುಗಿಯ ತಂದೆ ಹಿಂದೆಗೆದರು. ಇಲ್ಲಿಯೂ ನಾರಾಯಣ್ ಮೊದಲ ಇಲ್ಲಕ್ಕೆ ಬಗ್ಗಲಿಲ್ಲ. ಕೊನೆಗೆ ಒಪ್ಪಿಗೆ ಪಡೆದು ಮದುವೆಯಾದರು.

ಸಂಸಾರವಾದ ಮೇಲೆ ಹಠ ಹಿಡಿದು ಕೂರಲಾಗಲಿಲ್ಲ. ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅದು ಬ್ರಾಹ್ಮಣೇತರರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಪತ್ರಿಕೆ, ಅದಕ್ಕೆ ಒಬ್ಬ ಅಯ್ಯರ್ ವರದಿಗಾರ! ಅಚ್ಚಾದ ಸುದ್ದಿ ಎಷ್ಟು ಅಂಗುಲವೋ ಅದಕ್ಕೆ ತಕ್ಕಷ್ಟು ದುಡ್ಡು. ಹಾಗಾಗಿ ಮಾರುಕಟ್ಟೆ, ಕೋರ್ಟು, ಮುನಿಸಿಪಾಲಿಟಿ ಎಂದು ದಿನವಿಡೀ ಸುತ್ತಾಟ. ನನಗೆ ಈ ಭಾಗ ಬಹಳ ಮುಖ್ಯವೆನಿಸಿತು. ಮುಂದೆ ಮಾಲ್ಗುಡಿಯಲ್ಲಿ ನಮಗೆ ಸಿಗುವ ಸಾಲ ಕೊಡಿಸುವವರು, ವಕೀಲರು, ಅಂಗಡಿಯವರು, ಪ್ರೆಸ್ಸಿನವರು ಇವರೆಲ್ಲರ ಪರಿಚಯಕ್ಕೆ ಇಂಥ ಸುತ್ತಾಟ ನೆರವಾಗದೆ ಇರಲಾರದು. ಹೊಟ್ಟೆಪಾಡಿನ ಕೆಲಸ ಬರವಣಿಗೆಯ ಶತ್ರು ಎಂದು ನಾವು ತಿಳಿದಿರುತ್ತೇವೆ. ಅವರ ಬದುಕಿನಲ್ಲಿ ಅದು ಹಾಗೆ ಆಗಲಿಲ್ಲ.

ಇಷ್ಟರಲ್ಲಿ ಹಸ್ತಪ್ರತಿಗೆ ಒಬ್ಬ ನಂಟ ಸಿಕ್ಕಿದ್ದ. ಮೈಸೂರಿನ ಗೆಳೆಯ ಪೂರ್ಣ ಓದಲೆಂದು ಆಕ್ಸ್‌ಫರ್ಡ್‌ಗೆ ಹೋಗಿದ್ದರು. ನಾರಾಯಣ್ ಹಸ್ತಪ್ರತಿಯನ್ನು ಅವರಿಗೆ ತಲುಪಿಸಿದ್ದರು. ಪೂರ್ಣ ಅಲ್ಲಿ ಪ್ರಯತ್ನ ಬಿಡಲಿಲ್ಲ, ಆದರೆ ಇಲ್ಲ ಎನ್ನುವ ಉತ್ತರವೂ ನಿಲ್ಲಲಿಲ್ಲ. ಕೊನೆಗೆ ನಾರಾಯಣ್ ಅವರಿಗೆ ಸಾಕಾಗಿಹೋಯಿತು. ಹಸ್ತಪ್ರತಿಗೆ ಒಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಗೆಳೆಯನಿಗೆ ಬರೆದರು. ತಾಳ್ಮೆಯ ಮೂರ್ತಿ ಎಂದು ನಾವು ಭಾವಿಸುವವರೂ ಒಂದು ದಿನ ಹೀಗೆ ಕೈಚೆಲ್ಲಿದ್ದರು ಎನ್ನುವುದು ನನಗೆ ದೊಡ್ಡ ಸಮಾಧಾನ.

ಪೂರ್ಣ ಆ ಮಾತು ಕೇಳಲಿಲ್ಲ. ಅವರು ಆಕ್ಸ್‌ಫರ್ಡಿನಲ್ಲಿದ್ದ ಲೇಖಕ ಗ್ರಹಾಂ ಗ್ರೀನ್ ಅವರಿಗೆ ಹಸ್ತಪ್ರತಿ ಓದಲು ಕೊಟ್ಟರು. ಗ್ರೀನ್ ನಾರಾಯಣ್‌ಗಿಂತ ಎರಡೇ ವರ್ಷ ದೊಡ್ಡವರು. ಓದಿ ಮೆಚ್ಚಿದರು, ಹ್ಯಾಮಿಶ್ ಹ್ಯಾಮಿಲ್ಟನ್ ಎಂಬ ಪ್ರಕಾಶಕರಿಗೆ ಶಿಫಾರಸು ಮಾಡಿದರು. ‘ಸ್ವಾಮಿ, ದ ಟೇಟ್’ ಎಂದಿದ್ದ ಹೆಸರನ್ನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದು ಬದಲಿಸಲು ಹೇಳಿದರು. ಟೇಟ್ ಎಂದರೆ ಆ ಕಾಲದ ಇಂಗ್ಲೆಂಡಿನ ಬೌಲರ್. ಲೇಖಕರ ಉದ್ದನೆಯ ಹೆಸರೂ ಗ್ರೀನ್ ಅವರ ಸಲಹೆಯಿಂದಲೇ ಆರ್.ಕೆ. ನಾರಾಯಣ್ ಎಂದು ಚಿಕ್ಕದಾಯಿತು. 1935ರಲ್ಲಿ ಪುಸ್ತಕ ಹೊರಬಂತು. ನೋಟ್‌ಬುಕ್ ತೆರೆದ ದಿನದಿಂದ ಲೆಕ್ಕ ಹಾಕಿದರೆ ಐದು ವರ್ಷ. ಬರೆದದ್ದು ಅದೇ ಸ್ವಾಮಿಯ ಕಥೆ. ಹತ್ತಾರು ಕಡೆ ಬೇಡವಾದದ್ದು ಒಬ್ಬ ಸರಿಯಾದ ಓದುಗನ ಕೈಗೆ ಬಿದ್ದಾಗ ಬೇಕಾಯಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ನಿಜದಲ್ಲಿ ಮುಗಿಯಲಿಲ್ಲ. ವಿಮರ್ಶಕರು ಹೊಗಳಿದರು, ಪುಸ್ತಕ ಮಾತ್ರ ಮಾರಾಟವಾಗಲಿಲ್ಲ. 1937ರಲ್ಲಿ ‘ದ ಬ್ಯಾಚುಲರ್ ಆಫ್ ಆರ್ಟ್ಸ್’, 1938ರಲ್ಲಿ ‘ದ ಡಾರ್ಕ್ ರೂಮ್’ ಬಂದವು. ಮೂರು ಕಾದಂಬರಿಗಳಿಗೆ ಮೂವರು ಪ್ರಕಾಶಕರು. ಅಂದರೆ ಒಮ್ಮೆ ಪ್ರಕಟಿಸಿದವರು ಮತ್ತೆ ಕೈಹಿಡಿಯಲಿಲ್ಲ, ಪ್ರತಿ ಸಲವೂ ಹೊಸದಾಗಿ ಬಾಗಿಲು ತಟ್ಟಬೇಕಾಯಿತು. 1937ರಲ್ಲಿ ತಂದೆ ತೀರಿಕೊಂಡರು. ಹಣದ ಮುಗ್ಗಟ್ಟಿನಿಂದ ಮೈಸೂರು ಸರ್ಕಾರಕ್ಕಾಗಿ ಸಂಸ್ಥಾನದ ಬಗ್ಗೆ ಒಂದು ಪ್ರವಾಸಿ ಪುಸ್ತಕ ಬರೆದುಕೊಡಲು ಒಪ್ಪಿಕೊಂಡರು. 1939ರಲ್ಲಿ ರಾಜಂ ಟೈಫಾಯ್ಡ್‌ನಿಂದ ತೀರಿಹೋದರು. ಮಗಳು ಹೇಮಾಗೆ ಆಗ ಮೂರು ವರ್ಷ. ಪ್ರಕಾಶಕರು ಹೇಳುವ ಇಲ್ಲ ಇದರ ಮುಂದೆ ಏನೂ ಅಲ್ಲ. ಬಹಳ ದಿನ ಅವರಿಂದ ಬರೆಯಲು ಆಗಲಿಲ್ಲ.

ಮತ್ತೆ ಎದ್ದು ನಿಂತರು. ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಆರಂಭಿಸಿದರು, ಅದು ವರ್ಷದೊಳಗೆ ನಿಂತಿತು. ಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ ಅದೇ ಹೆಸರಿನಲ್ಲಿ ತಾವೇ ಪ್ರಕಾಶನ ತೆರೆದರು. ‘ದ ಹಿಂದೂ’ ಪತ್ರಿಕೆಯಲ್ಲಿ ಅವರ ಕಥೆಗಳು ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳೊಂದಿಗೆ ಬರುತ್ತಿದ್ದವು. ಹೆಂಡತಿಯ ಸಾವಿನ ನೋವನ್ನೇ ಎದುರಿಗಿಟ್ಟುಕೊಂಡು ಬರೆದ ‘ದ ಇಂಗ್ಲಿಷ್ ಟೀಚರ್’ 1945ರಲ್ಲಿ ಹೊರಬಂತು. 1958ರಲ್ಲಿ ‘ದ ಗೈಡ್’ ಬಂತು. ಅದಕ್ಕೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂಗ್ಲಿಷ್ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮುಂದೆ ರಾಜ್ಯಸಭೆಗೆ ನಾಮಕರಣಗೊಂಡಾಗ ಅವರು ಮಾತಾಡಿದ್ದು ಶಾಲಾ ಮಕ್ಕಳ ಚೀಲದ ಭಾರದ ಬಗ್ಗೆ. ಪರೀಕ್ಷೆಯಲ್ಲಿ ಫೇಲಾದ ಹುಡುಗ ಅವರೊಳಗೆ ಕೊನೆಯವರೆಗೂ ಇದ್ದ. 2001ರ ಮೇ 13ರಂದು ಚೆನ್ನೈನಲ್ಲಿ ತೀರಿಕೊಂಡರು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ಈಗ ವಸ್ತುಸಂಗ್ರಹಾಲಯ. ಮೈಸೂರಿಗೆ ಹೋಗುವವರು ನೋಡಬಹುದು.

ಇದನ್ನೆಲ್ಲ ಓದಿ, ನಾವೂ ಹಠ ಹಿಡಿದರೆ ನಾರಾಯಣ್ ಆಗುತ್ತೇವೆ ಎಂದು ಹೇಳಿದರೆ ಅದು ಸುಳ್ಳು. ಕೆಲಸವಿಲ್ಲದ ವರ್ಷಗಳಲ್ಲಿ ಊಟ ಹಾಕಿದ ತುಂಬಿದ ಮನೆ ಅವರಿಗಿತ್ತು. ಪೂರ್ಣನಂಥ ಗೆಳೆಯ ಇದ್ದ. ಗ್ರೀನ್ ಸಿಕ್ಕಿದ್ದು ಅದೃಷ್ಟವೇ. ಆದರೆ ಆ ಅದೃಷ್ಟ ಬಂದ ದಿನ ಕೊಡಲು ಒಂದು ಹಸ್ತಪ್ರತಿ ಇತ್ತು, ಅದು ನಮ್ಮ ಕೈಯಲ್ಲಿರುವ ಭಾಗ. ಇನ್ನೊಂದು ಸಂಗತಿಯೂ ಇದೆ. ಆ ಐದು ವರ್ಷ ಅವರು ಒಂದೇ ಕಾದಂಬರಿಯನ್ನು ಎದೆಗವಚಿಕೊಂಡು ಕೂರಲಿಲ್ಲ. ವಿಮರ್ಶೆ, ಮಕ್ಕಳ ಕಥೆ, ಹಾಸ್ಯ, ಕೊಲೆಯ ವರದಿ, ಸಿಕ್ಕಿದ್ದನ್ನೆಲ್ಲ ಬರೆದರು. ಒಂದು ಕಡೆ ಇಲ್ಲ ಎಂದಾಗ ಇನ್ನೊಂದು ಕಡೆ ಕೆಲಸ ನಡೆಯುತ್ತಿತ್ತು. ಕೆಲಸದ ಅರ್ಜಿ ಹಾಕುವ ನಮಗೂ ಈ ಮಾತು ಸಲ್ಲುತ್ತದೆ. ಒಂದೇ ಪರೀಕ್ಷೆಯ ಫಲಿತಾಂಶಕ್ಕೆ ಕಣ್ಣು ನೆಟ್ಟು ಕೂತರೆ ಆ ಒಂದು ಇಲ್ಲ ನಮ್ಮನ್ನು ಪೂರ್ತಿ ಕೆಡವುತ್ತದೆ.

ನನ್ನ ಏಳು ಕಥೆಗಳನ್ನು ಮತ್ತೆ ಓದಿದೆ. ನಾಲ್ಕು ಕಥೆಗಳು ನಿಜಕ್ಕೂ ಚೆನ್ನಾಗಿಲ್ಲ, ಸಂಪಾದಕರದು ತಪ್ಪಿಲ್ಲ. ಎರಡನ್ನು ತಿದ್ದಬೇಕು. ಒಂದು ಮಾತ್ರ ಹಾಗೆಯೇ ಇರಲಿ ಎನಿಸಿತು, ನಮ್ಮೂರ ಕೆರೆ ಏರಿಯ ಮೇಲೆ ಟೀ ಅಂಗಡಿ ಇಟ್ಟ ಮುದುಕನ ಕಥೆ. ಅದನ್ನು ನಿನ್ನೆ ಬೇರೊಂದು ಪತ್ರಿಕೆಗೆ ಕಳಿಸಿದೆ. ಉತ್ತರಕ್ಕೆ ಕಾಯುತ್ತ ಎಂಟನೆಯದನ್ನು ಶುರು ಮಾಡಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ನಾರಾಯಣ್ ಅವರ 9 ರೂಪಾಯಿ 12 ಆಣೆಯ ಲೆಕ್ಕವನ್ನು ಅಪ್ಪನಿಗೆ ಹೇಳಿದೆ. ಅಪ್ಪ ಈ ಸಲ ಎದ್ದು ಹೋಗಲಿಲ್ಲ. ಆಮೇಲೆ ಆತ ಸಂಸಾರ ಹೇಗೆ ನಡೆಸಿದನಂತೆ ಎಂದು ಕೇಳಿದರು.