ಸರಪಳಿಯ ಸಾಹೇಬ: ವಿಲಿಯಂ ಲ್ಯಾಂಬ್ಟನ್

ನಮ್ಮ ಅಗರಖೇಡದಲ್ಲಿ ಬೆಟ್ಟವೆಂಬುದಿಲ್ಲ. ಭೀಮೆಯ ದಂಡೆಯ ಮೇಲಿನ ಊರು ಅದು. ಎತ್ತ ನೋಡಿದರೂ ಎರೆಯ ಹೊಲ, ಜೋಳದ ಬೆಳೆ, ಹೊಳೆಯಾಚೆ ಮತ್ತೆ ಅಂಥದೇ ಬಯಲು. ಅಲ್ಲಿ ಹುಟ್ಟಿ ಬೆಳೆದ ನನಗೆ ಹಿಮಾಲಯವೆಂದರೆ ಕಾವ್ಯಗಳಲ್ಲಿ ಬರುವ ನಗಾಧಿರಾಜನೇ ಹೊರತು ಅಡಿ ಅಂಗುಲಗಳಲ್ಲಿ ಅಳೆಯಬಹುದಾದ ವಸ್ತುವಾಗಿರಲಿಲ್ಲ. ಹೀಗಿರಲು, ಕುಮಾರಸಂಭವದ ವಿಷಯ ಬಂದಿದ್ದ ಒಂದು ತರಗತಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಎವರೆಸ್ಟ್ ಶಿಖರದ ಎತ್ತರವು ಜಗತ್ತಿಗೆ ತಿಳಿದದ್ದು 1856ರಲ್ಲಿ. ಅದರ ತುದಿಯನ್ನು ಮನುಷ್ಯನು ಮುಟ್ಟಿದ್ದು 1953ರ ಮೇ 29ರಂದು. ಹಾಗಾದರೆ ತೊಂಬತ್ತೇಳು ವರ್ಷ ಮೊದಲೇ ಆ ಎತ್ತರವನ್ನು ಅಳೆದವರು ಯಾರು, ಹಗ್ಗದ ಮೇಲಿನ ತುದಿಯನ್ನು ಹಿಡಿದು ನಿಂತವರು ಯಾರು ಎಂದು ಆ ಹುಡುಗನು ಕೇಳಿದ್ದನು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಉತ್ತರ ನನಗೂ ತಿಳಿದಿರಲಿಲ್ಲ.

ಹುಡುಕುತ್ತ ಹೋದಂತೆ ಸೋಜಿಗವೊಂದು ಎದುರಾಯಿತು. ಆ ಅಳತೆಯ ಮೊದಲ ಗಂಟು ಹಿಮದಲ್ಲಿಲ್ಲ; ನಮ್ಮದೇ ನಾಡಿನಲ್ಲಿ, ಬೆಂಗಳೂರಿನ ಹೊರವಲಯದ ಬಯಲಿನಲ್ಲಿದೆ. ಅದನ್ನು ಕಟ್ಟಿದವನು ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಆಂಗ್ಲ ಸೈನಿಕ, ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಬಡ ಮನೆತನವೊಂದರಲ್ಲಿ ಆತ ಹುಟ್ಟಿದ. ಹುಟ್ಟಿದ ವರ್ಷದ ವಿಷಯದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲ. 1753ರಿಂದ 1756ರ ನಡುವೆ ಎಂದಿಟ್ಟುಕೊಂಡರೆ ಸಾಕು. ಸೈನ್ಯವನ್ನು ಸೇರಿ ಅಮೆರಿಕದ ಸ್ವಾತಂತ್ರ್ಯಸಮರಕ್ಕೆ ಹೋದ; ಸೋತ ಪಕ್ಷದವನಾಗಿ ಸೆರೆಯನ್ನೂ ಕಂಡ. ಅನಂತರ ಕೆನಡದ ಕಡೆ ಸುಮಾರು ಹದಿಮೂರು ವರ್ಷ ಸಣ್ಣದೊಂದು ಹುದ್ದೆಯಲ್ಲಿದ್ದು, ಭೂಮಿಯನ್ನಳೆಯುವುದನ್ನೂ ಗಣಿತವನ್ನೂ ತಾನೇ ಓದಿ ಕಲಿತ. ಅಲ್ಲಿರುವಾಗ ಕಪ್ಪು ಗಾಜಿನ ಮರೆಯಿಲ್ಲದೆ ಸೂರ್ಯಗ್ರಹಣವನ್ನು ನೋಡಲು ಹೋಗಿ ಎಡಗಣ್ಣನ್ನು ಕೆಡಿಸಿಕೊಂಡ. ಮುಂದೆ ಇಡೀ ದಕ್ಷಿಣ ಭಾರತವನ್ನು ದುರ್ಬೀನಿನಲ್ಲಿ ನೋಡಿ ಅಳೆದದ್ದು ಉಳಿದ ಆ ಒಂದೇ ಕಣ್ಣು.

1796ರಲ್ಲಿ ಆತ ಭಾರತಕ್ಕೆ ಬಂದ. ಪದೋನ್ನತಿಯಿಲ್ಲದೆ ನಡುವಯಸ್ಸನ್ನು ದಾಟುತ್ತಿದ್ದ ಈ ಸಂಕೋಚದ ಮನುಷ್ಯನತ್ತ ಯಾರೂ ತಿರುಗಿ ನೋಡಿರಲಿಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದಲ್ಲಿ, ಒಂದು ರಾತ್ರಿ ಬೇರ್ಡ್ ಸೇನಾನಿಯ ತುಕಡಿಯು ಕತ್ತಲೆಯಲ್ಲಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯತೊಡಗಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ಹೋಗುತ್ತಿರುವ ದಿಕ್ಕು ತಪ್ಪೆಂದು ತಿಳಿಸಿದ. ದಂಡು ಹಿಂದಿರುಗಿತು.

ಟಿಪ್ಪುವಿನ ಪತನವಾದೊಡನೆ ಮೈಸೂರು ಸೀಮೆಯೆಲ್ಲ ಕಂಪನಿಯ ಹಿಡಿತಕ್ಕೆ ಬಂತು. ಗೆದ್ದ ನೆಲದ ನಕಾಶೆ ಬೇಕಿತ್ತು, ತೆರಿಗೆಗೂ ಬೇಕು, ದಂಡಿನ ಚಲನೆಗೂ ಬೇಕು. ಈ ಮಾತನ್ನು ಮರೆತು ಲ್ಯಾಂಬ್ಟನ್ನನನ್ನು ಹೊಗಳುವುದು ನನಗೆ ಒಪ್ಪದು. ಆತನ ಸರಪಳಿ ಬಿದ್ದದ್ದು ಒಂದು ಅರಸೊತ್ತಿಗೆಯ ಬೂದಿಯ ಮೇಲೆ. ಆದರೆ ಆತನ ಮನಸ್ಸಿನಲ್ಲಿದ್ದುದು ಬರಿಯ ನಕಾಶೆಯಲ್ಲ. ಭೂಮಿಯು ಸರಿಯಾದ ಗೋಲವಲ್ಲ, ಧ್ರುವಗಳ ಬಳಿ ಚಪ್ಪಟೆಯಾದದ್ದು. ಆ ಚಪ್ಪಟೆತನವೆಷ್ಟು ಎಂಬುದನ್ನು ನಿಷ್ಕರ್ಷಿಸಲು ಸಮಭಾಜಕದ ಸಮೀಪದಲ್ಲಿ ಉದ್ದವಾದ ರೇಖಾಂಶವೊಂದನ್ನು ಅಳೆಯಬೇಕೆಂಬುದು ಆತನ ಹಂಬಲ. ಆರ್ಥರ್ ವೆಲ್ಲೆಸ್ಲಿಯ ಬೆಂಬಲದಿಂದ 1800ರಲ್ಲಿ ಅಪ್ಪಣೆ ದೊರೆಯಿತು.

ಅಳೆಯುವ ಉಪಾಯವನ್ನು ಭೀಮೆಯ ದಂಡೆಯ ಮೇಲೆಯೇ ತೋರಿಸಬಹುದು. ಹೊಳೆಯಾಚೆ ಒಂದು ಬೇವಿನ ಮರವಿದೆ ಎನ್ನಿ. ಈಚೆಯ ದಂಡೆಯಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವಿನ ಅಂತರವನ್ನು ಅಳೆದುಕೊಂಡು, ಒಂದೊಂದು ಗೂಟದಿಂದಲೂ ಮರವು ಯಾವ ಕೋನದಲ್ಲಿ ಕಾಣುವುದೆಂದು ಗುರುತಿಸಿದರೆ ಮುಗಿಯಿತು. ನೀರಿಗೆ ಕಾಲಿಡದೆ ಮರದ ದೂರ ತಿಳಿಯುತ್ತದೆ. ಹೀಗೆ ತಿಳಿದ ದೂರವನ್ನೇ ಹೊಸ ಆಧಾರವಾಗಿಟ್ಟುಕೊಂಡು ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ನೆಲದ ಮೇಲೆ ನಿಜವಾಗಿ ಅಳೆಯಬೇಕಾದದ್ದು ಮೊದಲ ರೇಖೆಯೊಂದೇ. ಉಳಿದುದೆಲ್ಲ ಕಣ್ಣು ಮತ್ತು ಗಣಿತ. ಆದರೆ ಆ ಮೊದಲ ರೇಖೆಯಲ್ಲಿ ಕೂದಲಷ್ಟು ತಪ್ಪಿದರೂ ನೂರಾರು ಮೈಲಿಗಳಾಚೆ ಅದು ಬೆಳೆದು ನಿಲ್ಲುತ್ತದೆ. ಒಮ್ಮೆ ವಿದ್ಯಾರ್ಥಿಗಳೊಡನೆ ನಾನಿದನ್ನು ಭೀಮೆಯಲ್ಲಿ ಮಾಡಿ ನೋಡಿದೆ. ಎರಡು ಗುಂಪುಗಳಿಗೆ ಎರಡು ಉತ್ತರ ಬಂದವು. ಕಾರಣ ಹುಡುಕಿದರೆ, ಒಂದು ಗುಂಪಿನ ಹಗ್ಗ ನೀರಲ್ಲಿ ನೆನೆದು ಮೋಟಾಗಿತ್ತು!

ಲ್ಯಾಂಬ್ಟನ್ನನ ಹಗ್ಗವೆಂದರೆ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು, ಒಟ್ಟು ನೂರು ಅಡಿ. ಅದರ ಕಥೆಯೇ ಬೇರೆ. 1793ರಲ್ಲಿ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಕೊಂಡೊಯ್ದ ಉಪಕರಣಗಳಲ್ಲಿ ಇದೂ ಒಂದು. ಅಲ್ಲಿ ಬೇಡವಾಗಿ ಕಲಕತ್ತೆಗೆ ಬಂದು ಈತನ ಕೈ ಸೇರಿತು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಆದುದರಿಂದ ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಮೇಲೆ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿಯೊಂದು ಸರಪಳಿಯ ಅಳತೆಗೂ ಶಾಖವನ್ನು ಬರೆದುಕೊಳ್ಳುತ್ತಿದ್ದರು. ನಾನು ಲೆಕ್ಕ ಹಾಕಿ ನೋಡಿದೆ: ಫ್ಯಾರನ್‌ಹೀಟ್ ಮಾಪಕದ ಒಂದೇ ಒಂದು ಡಿಗ್ರಿಯನ್ನು ತಪ್ಪಾಗಿ ಎಣಿಸಿದ್ದರೆ ಇಡೀ ರೇಖೆಯಲ್ಲಿ ಮೂರು ಅಂಗುಲ ಎಡವಟ್ಟಾಗುತ್ತಿತ್ತು. ಬೆಂಗಳೂರಿನ ಬಳಿ ಏಳೂವರೆ ಮೈಲಿಗೆ ತುಸು ಕಡಿಮೆಯಾದ ಆ ಆಧಾರರೇಖೆಯನ್ನು ಮುಗಿಸಲು 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುಮಾರು ಎಂಟು ವಾರ ಹಿಡಿಯಿತು. ಜಟಕಾ ಗಾಡಿಯಲ್ಲಿ ಕುಳಿತರೆ ಒಂದು ಗಂಟೆಯ ದಾರಿ.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇನ್ನೊಂದು ರೇಖೆಯ ಅಳತೆ ಮೊದಲಾಯಿತು. ಮಹಾ ತ್ರಿಕೋನಮಿತಿಯ ಮೋಜಣಿಯು ಆ ದಿನವನ್ನೇ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ. ಅಲ್ಲಿಂದ ತ್ರಿಕೋನಗಳು ಪಡುವಣಕ್ಕೆ ಸಾಗಿ, ಮೈಸೂರಿನ ದುರ್ಗಗಳನ್ನೇರಿ, ಘಟ್ಟವನ್ನಿಳಿದು ಮಂಗಳೂರಿನ ಕಡಲನ್ನು ಮುಟ್ಟಿದವು. ಆಗ ತಿಳಿಯಿತು: ಹಳೆಯ ನಕಾಶೆಗಳು ನಾನೂರು ಮೈಲಿಯೆಂದು ತೋರಿಸುತ್ತಿದ್ದ ಪರ್ಯಾಯದ್ವೀಪದ ಅಗಲವು ನಿಜವಾಗಿ ಮುನ್ನೂರ ಅರವತ್ತೇ! 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಅಳೆದು, ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕದೊಡನೆ ತಾಳೆ ನೋಡಿದರೆ, ಏಳು ಮೈಲಿಗಳಿಗೆ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ.

ಅಧಿಕಾರಿಗಳಿಗೆ ಇದರ ಬೆಲೆ ತಿಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋವಿಗೆ ಹೇಳಿದರೆ ಸಾಕು, ಅವನೇ ಕರೆದೊಯ್ಯುತ್ತಾನೆ, ಅದಕ್ಕೆ ಲ್ಯಾಂಬ್ಟನ್ನನ ನಕಾಶೆಯೇಕೆ ಎಂದು ಮದರಾಸಿನ ಹಣಕಾಸಿನ ಸದಸ್ಯನೊಬ್ಬನು ಹಂಗಿಸಿದನಂತೆ. ನಮ್ಮ ಕಾಲದಲ್ಲಿಯೂ ಇಂಥ ಸದಸ್ಯರಿಗೆ ಕೊರತೆಯಿಲ್ಲವಷ್ಟೆ.

ಕೋನಗಳನ್ನು ಅಳೆಯಲು ಲಂಡನ್ನಿನಲ್ಲಿ ಮಾಡಿಸಿದ ಮಹಾ ಥಿಯೊಡೊಲೈಟಿನ ತೂಕ ಅರ್ಧ ಟನ್ನು. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನು ಹಿಡಿದು ಮಾರಿಷಸ್ಸಿಗೆ ಒಯ್ದರು. ಅದು ವಿಜ್ಞಾನದ ಉಪಕರಣವೆಂದರಿತು ಅಲ್ಲಿಯ ಗವರ್ನರನು ಸೌಜನ್ಯದಿಂದ ಕಳಿಸಿಕೊಟ್ಟ. ಶತ್ರುವಿನ ಕೈಯಿಂದ ಉಳಿದು ಬಂದ ಅದು 1808ರಲ್ಲಿ ತಂಜಾವೂರಿನಲ್ಲಿ ಮುರಿಯಿತು. ಕಾವೇರಿಯ ಬಯಲು ಸೀಮೆಯಲ್ಲಿ ಬೆಟ್ಟವಿಲ್ಲದೆ, ಬೃಹದೀಶ್ವರ ದೇಗುಲದ ವಿಮಾನದ ಮೇಲಕ್ಕೆ ಅದನ್ನು ಎಳೆಯುತ್ತಿದ್ದಾಗ ಹಗ್ಗ ಕಡಿದು, ಉಪಕರಣವು ಗೋಡೆಗೆ ಅಪ್ಪಳಿಸಿ ಅದರ ಚಕ್ರ ಸೊಟ್ಟಗಾಯಿತು. ಬೇರೆ ಯಾರೇ ಆಗಿದ್ದರೂ ಕೆಲಸವನ್ನು ಅಲ್ಲಿಗೇ ಬಿಡುತ್ತಿದ್ದರು. ಲ್ಯಾಂಬ್ಟನ್ ಅದನ್ನು ತಿರುಚಿನಾಪಳ್ಳಿಗೆ ಒಯ್ದು, ಡೇರೆಯೊಳಗೆ ಸೇರಿಕೊಂಡು, ಬೆಣೆ, ತಿರುಪು, ರಾಟೆಗಳಿಂದ ಚಕ್ರವನ್ನು ಎಳೆಯೆಳೆಯಾಗಿ ಮೊದಲಿನ ಆಕಾರಕ್ಕೆ ತಂದ. ಆರು ವಾರ ಹಿಡಿಯಿತು. ಮುಂದೆ ಅದೇ ಉಪಕರಣ ದಶಕಗಳ ಕಾಲ ದುಡಿಯಿತು. ಆತನ ಬಾಳಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಈ ಆರು ವಾರಗಳೇ.

ಬೆಂಗಳೂರಿನ ದೊಡ್ಡಗುಂಟೆಯಲ್ಲಿ ಆತ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ಗೊತ್ತುಮಾಡಿದಾಗ ಲೆಕ್ಕ ಸರಿಹೊಂದಲಿಲ್ಲ. ಗೌಂಡಿಯು ಗೋಡೆಗೆ ಹಿಡಿಯುವ ತೂಗುಗುಂಡು ನೇರವಾಗಿ ಕೆಳಗೆ ತೋರಿಸುತ್ತದೆಂಬುದು ಎಲ್ಲರ ನಂಬಿಕೆ. ನೆಲದಡಿಯ ಭಾರವಾದ ಅದಿರು ಆ ಗುಂಡನ್ನು ಕೂದಲಷ್ಟು ಪಕ್ಕಕ್ಕೆ ಸೆಳೆಯುತ್ತಿರಬೇಕೆಂದು ಲ್ಯಾಂಬ್ಟನ್ ಊಹಿಸಿದ. ದೊಡ್ಡಗುಂಟೆಯ ಈ ಅನುಮಾನವೇ ಮುಂದೆ ಹಿಮಾಲಯದ ಬುಡದಲ್ಲಿ ದೊಡ್ಡದಾಗಿ ಎದ್ದು ನಿಂತಿತು. ಪರ್ವತದ ರಾಶಿಯು ತೂಗುಗುಂಡನ್ನು ಸುಮಾರು ಹದಿನಾರು ಸೆಕೆಂಡಿನಷ್ಟು ಕೋನಕ್ಕೆ ಸೆಳೆಯಬೇಕೆಂದು 1855ರಲ್ಲಿ ಪ್ರ್ಯಾಟ್ ಎಂಬ ಕಲಕತ್ತೆಯ ಪಾದ್ರಿ ಲೆಕ್ಕ ಹಾಕಿದರೆ, ಮೋಜಣಿಯಲ್ಲಿ ಕಂಡದ್ದು ಐದೇ ಸೆಕೆಂಡು. ಬೆಟ್ಟಗಳ ಅಡಿಯಲ್ಲಿ ಹಗುರವಾದ ಬೇರುಗಳು ಆಳಕ್ಕೆ ಇಳಿದಿವೆ, ಅವು ನೀರ್ಗಲ್ಲಿನಂತೆ ಭಾರದ ತಳದ ಮೇಲೆ ತೇಲುತ್ತಿವೆ ಎಂದು ಅದೇ ವರ್ಷ ಖಗೋಲಜ್ಞ ಏರಿ ವಿವರಿಸಿದ. ಪರ್ವತಗಳಿಗೆ ಬೇರುಗಳಿವೆಯೆಂಬ ಮಾತು ಕವಿಸಮಯವಲ್ಲವೆಂದು ಆಮೇಲೆ ನಾನು ಪಾಠ ಹೇಳುವಾಗ ಸೇರಿಸತೊಡಗಿದೆ.

ಮದರಾಸಿನ ರೇಖಾಜಾಲವು ಕನ್ಯಾಕುಮಾರಿಯ ಕಡೆಯಿಂದ ಬಡಗಣಕ್ಕೆ ಬೆಳೆಯಿತು. 1815ರಲ್ಲಿ ಬೀದರದ ಬಳಿಯ ದಾಮರ್‌ಗಿಡದಲ್ಲಿ ಮತ್ತೊಂದು ಆಧಾರರೇಖೆ ಬಿತ್ತು. ಲಂಡನ್ನಿನ ರಾಯಲ್ ಸೊಸೈಟಿಯೂ ಫ್ರಾನ್ಸಿನ ಅಕಾಡೆಮಿಯೂ ಆತನನ್ನು ಗೌರವಿಸಿದವು. 1818ರಲ್ಲಿ ಜಾರ್ಜ್ ಎವರೆಸ್ಟ್ ಎಂಬ ತರುಣನು ಸಹಾಯಕನಾಗಿ ಬಂದ. ಆದರೆ ನೂರಾರು ಜನ ಕಲಾಸಿಗಳು, ಬಾವುಟ ಹಿಡಿದು ಬೆಟ್ಟದ ತುದಿಗಳಲ್ಲಿ ದಿನಗಟ್ಟಲೆ ಕಾದವರು, ಉಪಕರಣವನ್ನು ಹೆಗಲ ಮೇಲೆ ಹೊತ್ತು ಏರಿದವರು, ಕೃಷ್ಣೆ ಗೋದಾವರಿಗಳ ನಡುವಣ ಕಾಡಿನ ಜ್ವರಕ್ಕೆ ಬಲಿಯಾದವರು ಯಾವ ಗೌರವದ ಪಟ್ಟಿಗೂ ಸೇರಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರು ಯಾರೆಂದು ನನ್ನ ವಿದ್ಯಾರ್ಥಿ ಕೇಳಿದ್ದಕ್ಕೆ ನಿಜವಾದ ಉತ್ತರ ಇವರೇ.

ಕೊನೆಗೆ ಕ್ಷಯ ಹಿಡಿದಿತ್ತು. ಆದರೂ ಕೆಲಸ ಬಿಡಲಿಲ್ಲ. ಹೈದರಾಬಾದಿನಿಂದ ನಾಗಪುರಕ್ಕೆ ಠಾಣ್ಯವನ್ನು ಬದಲಿಸುವ ಪಯಣದಲ್ಲಿ, 1823ರ ಜನವರಿ 20ರಂದು, ಹಿಂಗಣಘಾಟದ ಬಿಡಾರದಲ್ಲಿ ಪ್ರಾಣ ಬಿಟ್ಟ. ಎವರೆಸ್ಟನು ಆಗ ಬೀದರದಿಂದ ಮುಂಬಯಿಯ ಕಡೆಗೆ ತ್ರಿಕೋನಗಳನ್ನು ಹೆಣೆಯುವ ಕೆಲಸದಲ್ಲಿದ್ದ.

ಎವರೆಸ್ಟನು ಆ ರೇಖೆಯನ್ನು ಡೆಹರಾಡೂನಿನವರೆಗೆ ಒಯ್ದು 1843ರಲ್ಲಿ ನಿವೃತ್ತನಾದ. ಅನಂತರ ತರಾಯಿಯ ಬಯಲಿನಿಂದ, ನೂರಕ್ಕೂ ಹೆಚ್ಚು ಮೈಲಿ ದೂರದಿಂದ, ಶಿಖರದ ಕೋನಗಳನ್ನು ಹಿಡಿದರು. ನೇಪಾಳವು ವಿದೇಶೀಯರಿಗೆ ಬಾಗಿಲು ತೆರೆದಿರಲಿಲ್ಲ. ಏರಿದ್ದರೂ ಪ್ರಯೋಜನ ಅಷ್ಟಕ್ಕಷ್ಟೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ನೀರು ಬೇಗ ಕುದಿಯುತ್ತದೆ. ಎವರೆಸ್ಟಿನ ತುದಿಯಲ್ಲಿ ಒತ್ತಡ ಕಡಲಮಟ್ಟದ ಮೂರನೆಯ ಒಂದು ಪಾಲು ಮಾತ್ರ, ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿಗೇ ಮರಳುತ್ತದೆ. ಇದರಿಂದ ಎತ್ತರವನ್ನು ಅಂದಾಜು ಮಾಡಬಹುದು. ಆದರೆ ಹವೆ ಬದಲಾದರೆ ಒತ್ತಡವೂ ಬದಲಾಗುತ್ತದೆ. ಬಯಲಿನ ಅಳತೆಗೂ ತೊಡಕುಗಳಿದ್ದವು: ನೂರ ಹತ್ತು ಮೈಲಿ ದೂರದಲ್ಲಿ ಭೂಮಿಯ ಬಾಗು ಶಿಖರದ ಎಂಟು ಸಾವಿರ ಅಡಿಯಷ್ಟನ್ನು ಮರೆಮಾಡಿದರೆ, ಗಾಳಿಯಲ್ಲಿ ಬೆಳಕು ಬಾಗಿ ಸಾವಿರ ಅಡಿಯಷ್ಟು ಎತ್ತಿ ತೋರಿಸುತ್ತದೆ. ಇವೆಲ್ಲವನ್ನೂ ತೂಗಿ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರರು 1852ರಲ್ಲಿ ಇದೇ ಅತ್ಯುನ್ನತವೆಂದು ಕಂಡುಕೊಂಡರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ನೇಪಾಳವೂ ಚೀನವೂ ಕೂಡಿ ಸಾರಿದ್ದು 8,848.86 ಮೀಟರು, ಅಂದರೆ ಸುಮಾರು 29,032 ಅಡಿ. ವ್ಯತ್ಯಾಸ ಮೂವತ್ತು ಅಡಿ.

ಶಿಖರಕ್ಕೆ ಎವರೆಸ್ಟನ ಹೆಸರಿಟ್ಟರು. ತನ್ನ ಹೆಸರನ್ನು ಇಲ್ಲಿಯ ಜನ ಉಚ್ಚರಿಸಲಾರರೆಂದು ಆತನೇ ಆಕ್ಷೇಪಿಸಿದ್ದ, ಯಾರೂ ಕಿವಿಗೊಡಲಿಲ್ಲ. ಲ್ಯಾಂಬ್ಟನ್ನನ ಗೋರಿ ಹಿಂಗಣಘಾಟದಲ್ಲಿದೆ. ಅದೂ ನಮ್ಮೂರಿನಂಥದೇ ಕರಿನೆಲದ ಬಯಲು. ಸುತ್ತ ಹತ್ತಿ ಬೆಳೆಯುತ್ತದೆ.