ಕಂಬಳಿಯೊಳಗೆ ಮಲಗುವುದನ್ನು ರಾಮಾನುಜನ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ

ಪ್ರತಿ ಡಿಸೆಂಬರ್ 22ರಂದು ನಾನು ಪಾಠ ಮಾಡುವ ಕಾಲೇಜಿನಲ್ಲಿ ಶ್ರೀನಿವಾಸ ರಾಮಾನುಜನ್ ಫೋಟೊಗೆ ಹಾರ ಹಾಕ್ತೀವಿ. ಅವರು ಹುಟ್ಟಿದ ದಿನ ಅದು, ರಾಷ್ಟ್ರೀಯ ಗಣಿತ ದಿನ. ಗಣಿತದ ಮೇಷ್ಟ್ರು ಅನ್ನುವ ಕಾರಣಕ್ಕೆ ಭಾಷಣ ಹೆಚ್ಚಿನ ಸಲ ನನ್ನ ತಲೆಗೇ ಬರುತ್ತೆ. ಭಾಷಣದಲ್ಲಿ ಟ್ಯಾಕ್ಸಿ ಕಥೆ ಇರಲೇಬೇಕು. ಪ್ರೊ. ಜಿ.ಎಚ್. ಹಾರ್ಡಿ ಬಂದ ಟ್ಯಾಕ್ಸಿಯ ನಂಬರ್ 1729. ಅದರಲ್ಲೇನೂ ವಿಶೇಷ ಕಾಣಲಿಲ್ಲ ಅಂತ ಹಾರ್ಡಿ ಅಂದರಂತೆ. ಎರಡು ಘನಗಳ ಮೊತ್ತವಾಗಿ ಎರಡು ಬೇರೆ ಬೇರೆ ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂತ ರಾಮಾನುಜನ್ ಥಟ್ಟನೆ ಹೇಳಿದರು. 1ರ ಘನಕ್ಕೆ 12ರ ಘನ ಕೂಡಿಸಿದರೆ 1729. 9ರ ಘನಕ್ಕೆ 10ರ ಘನ ಕೂಡಿಸಿದರೂ 1729. ಹುಡುಗರು ಚಪ್ಪಾಳೆ ತಟ್ತಾರೆ, ಕಾರ್ಯಕ್ರಮ ಮುಗಿಯುತ್ತೆ.

ಕಳೆದ ಸಲ ಎಂ.ಎಸ್ಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು, ಹಾರ್ಡಿ ಆ ಟ್ಯಾಕ್ಸಿ ಹಿಡಿದು ಎಲ್ಲಿಗೆ ಬಂದಿದ್ದರು ಸರ್ ಅಂತ ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಹೇಳುವಾಗ ಮಾತ್ರ ನಾಲಿಗೆ ತಡವರಿಸಿತು. ಲಂಡನ್ನಿನ ಪಟ್ನಿ ಎಂಬಲ್ಲಿದ್ದ ಒಂದು ನರ್ಸಿಂಗ್ ಹೋಮಿಗೆ. ರಾಮಾನುಜನ್ ಆಗ ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದರು. ನಾವು ಅಷ್ಟು ಖುಷಿಯಿಂದ ಹೇಳುವ ಕಥೆ ಒಬ್ಬ ರೋಗಿಯ ಮಂಚದ ಪಕ್ಕ ನಡೆದದ್ದು. ಇಷ್ಟು ವರ್ಷ ಆ ಮಂಚವನ್ನು ಬಿಟ್ಟು ಬರೀ ಸಂಖ್ಯೆಯ ಕಥೆ ಹೇಳಿಕೊಂಡು ಬಂದಿದ್ದೆ.

ಹಾಗಾಗಿ ಈ ಸಲ ರಾಮಾನುಜನ್ ಜೀವನವನ್ನು ಬೇರೆ ದಾರಿಯಿಂದ ನೋಡಿದೆ. ಮಹಾನ್ ಪ್ರತಿಭೆ ಅನ್ನೋದನ್ನು ಪಕ್ಕಕ್ಕಿಟ್ಟು, ಮನೆ ಬಿಟ್ಟು ದೂರದ ಕ್ಯಾಂಪಸ್ಸಿಗೆ ಹೋದ ಒಬ್ಬ ಸಂಶೋಧನಾ ವಿದ್ಯಾರ್ಥಿ ಅಂತ ನೋಡಿದೆ. ಅವರು ಅದೂ ಆಗಿದ್ದರು.

1887ರಲ್ಲಿ ಈರೋಡಿನಲ್ಲಿ ಹುಟ್ಟಿದರು, ಕುಂಭಕೋಣಂನಲ್ಲಿ ಬೆಳೆದರು. ತಂದೆ ಜವಳಿ ಅಂಗಡಿಯಲ್ಲಿ ಗುಮಾಸ್ತ. ಗಣಿತ ಬಿಟ್ಟು ಬೇರೇನೂ ತಲೆಗೆ ಹತ್ತದೆ ಕಾಲೇಜಿನ ಸ್ಕಾಲರ್‌ಶಿಪ್ ಹೋಯಿತು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣದ ಕಡೆಗೆ ಓಡಿಹೋಗಿದ್ದರು. ಮರುವರ್ಷ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು. ಅಲ್ಲಿ ಆಮಶಂಕೆ ಹಿಡಿದು ಊರಿಗೆ ವಾಪಸ್ ಬರಬೇಕಾಯಿತು. ಈ ಆಮಶಂಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ಫೇಲಾದರು, ಡಿಗ್ರಿ ಕೈಗೆ ಬರಲೇ ಇಲ್ಲ. 1909ರಲ್ಲಿ ಪುಟ್ಟ ಹುಡುಗಿ ಜಾನಕಿ ಜೊತೆ ಮದುವೆ. 1910ರಲ್ಲಿ ಒಂದು ಆಪರೇಷನ್ ಆಗಬೇಕಿತ್ತು, ಮನೆಯಲ್ಲಿ ದುಡ್ಡಿರಲಿಲ್ಲ. ಡಾಕ್ಟರೊಬ್ಬರು ಪುಕ್ಕಟೆ ಮಾಡಿಕೊಟ್ಟರು.

1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. 1913ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕಾಗದ ಪ್ರಸಿದ್ಧವಾದದ್ದೇ. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ಷರತ್ತು ಏನು ಗೊತ್ತಾ? ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕು. ಇದನ್ನು ಓದಿದಾಗ ನಗು ಬಂತು. ನಮ್ಮ ಪಿಎಚ್.ಡಿ ಹುಡುಗರು ಇವತ್ತಿಗೂ ಬರೆಯುವ ವರದಿ ಅದೇ. ಕೆಲಸ ಎಷ್ಟಾಯಿತು ಅಂತ ಕೇಳುವ ಕಾಲಂ ಅದರಲ್ಲಿರುತ್ತೆ. ಹೇಗಿದ್ದೀಯ ಅಂತ ಕೇಳುವ ಕಾಲಂ ಆಗಲೂ ಇರಲಿಲ್ಲ, ಈಗಲೂ ಇಲ್ಲ.

1914ರ ಮಾರ್ಚ್ 17ರಂದು ಹಡಗು ಹತ್ತಿದರು. ಏಪ್ರಿಲ್ ಮಧ್ಯದಲ್ಲಿ ಇಂಗ್ಲೆಂಡ್. ಕೆಲವೇ ವಾರಗಳಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಕೋಣೆ. ಮದ್ರಾಸಿನಿಂದ ವರ್ಷಕ್ಕೆ 250 ಪೌಂಡ್, ಟ್ರಿನಿಟಿಯಿಂದ 60 ಪೌಂಡ್. ಅದರಲ್ಲೊಂದು ಪಾಲು ಊರಿನ ಮನೆಗೆ ಹೋಗುತ್ತಿತ್ತು. ದುಡ್ಡಿನ ತೊಂದರೆ ಇರಲಿಲ್ಲ. ಗೈಡ್ ಅಂತೂ ಜಗತ್ತಿನಲ್ಲೇ ಒಳ್ಳೆಯವರು. ಕಾಗದದ ಮೇಲೆ ನೋಡಿದರೆ ಯಾವ ಸಂಶೋಧನಾ ವಿದ್ಯಾರ್ಥಿಗೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗಲ್ಲ.

ಆದರೆ ಊಟ? ರಾಮಾನುಜನ್ ಕಟ್ಟಾ ಸಸ್ಯಾಹಾರಿ. ಕಾಲೇಜಿನ ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವಾಗ ಇವರು ತಮ್ಮ ಕೋಣೆಯಲ್ಲಿ ಒಬ್ಬರೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಬರಬರುತ್ತಾ ತರಕಾರಿ ಸಿಗುವುದೂ ಕಷ್ಟವಾಯಿತು. ಲೆಕ್ಕದಲ್ಲಿ ಮುಳುಗಿದರೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗುವುದು, ಅಡುಗೆ ಮಾಡುವ ಬೇಸರಕ್ಕೆ ಒಂದೇ ಹೊತ್ತು ಉಣ್ಣುವುದು. ಹಾಲ್ ತಪ್ಪಿದ್ದರಿಂದ ಊಟದ ಜೊತೆ ಇನ್ನೊಂದೂ ತಪ್ಪಿತು. ನಾಲ್ಕು ಜನರ ಕಣ್ಣಿಗೆ ದಿನಾ ಬೀಳುವ ಅವಕಾಶ ಹೋಯಿತು.

ಆ ಚಳಿಗಾಲದ ಒಂದು ಘಟನೆ ನನ್ನನ್ನು ಬಿಡದೆ ಕಾಡುತ್ತದೆ. ಆಗ ಕೇಂಬ್ರಿಡ್ಜಿನಲ್ಲೇ ಓದುತ್ತಿದ್ದ ಪ್ರಶಾಂತ ಚಂದ್ರ ಮಹಲನೋಬಿಸ್, ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು, ರಾಮಾನುಜನ್ ಕೋಣೆಗೆ ಹೋಗಿದ್ದರು. ರಾತ್ರಿ ಚಳಿ ತಡೆಯುತ್ತೀರಾ ಅಂತ ವಿಚಾರಿಸಿದರು. ಓವರ್‌ಕೋಟ್ ಹಾಕಿಕೊಂಡು, ಶಾಲು ಸುತ್ತಿಕೊಂಡು ಮಲಗಿದರೂ ನಡುಗುತ್ತೇನೆ ಅಂತ ರಾಮಾನುಜನ್ ಹೇಳಿದರು. ಕಂಬಳಿ ಸಾಲದೇನೋ ಅಂದುಕೊಂಡು ಮಹಲನೋಬಿಸ್ ಮಲಗುವ ಕೋಣೆಗೆ ಹೋಗಿ ಹಾಸಿಗೆ ನೋಡಿದರು. ಕಂಬಳಿಗಳು ಬೇಕಾದಷ್ಟಿದ್ದವು. ಇಂಗ್ಲಿಷ್ ಪದ್ಧತಿಯಂತೆ ಹಾಸಿಗೆಯ ಅಂಚಿಗೆ ಬಿಗಿಯಾಗಿ ಸಿಕ್ಕಿಸಿದ್ದರು, ಮೇಲೊಂದು ಹೊದಿಕೆ ಹಾಸಿತ್ತು. ಅದನ್ನು ಮಡಚಿ ಒಳಗೆ ಸೇರಿಕೊಳ್ಳಬೇಕು ಅಂತ ರಾಮಾನುಜನ್‌ಗೆ ಗೊತ್ತೇ ಇರಲಿಲ್ಲ. ಕಂಬಳಿಗಳ ಮೇಲೆ ಮಲಗಿ ರಾತ್ರಿಯೆಲ್ಲ ನಡುಗುತ್ತಿದ್ದರು. ಮಹಲನೋಬಿಸ್ ಹೊದಿಕೆ ಸರಿಸಿ ತೋರಿಸಿಕೊಟ್ಟರು.

ಸೌಲಭ್ಯ ಕೋಣೆಯಲ್ಲೇ ಇತ್ತು. ಅದನ್ನು ಬಳಸುವುದು ಹೇಗೆ ಅಂತ ಹೇಳುವವರು ಇರಲಿಲ್ಲ, ಕೇಳಲು ಅವರಿಗೆ ಸಂಕೋಚ. ಸಮಸ್ಯೆ ಬಗೆಹರಿದದ್ದು ಇನ್ನೊಬ್ಬ ವಿದ್ಯಾರ್ಥಿ ಕೋಣೆಯೊಳಗೆ ಹೋಗಿ ಹಾಸಿಗೆ ಮುಟ್ಟಿ ನೋಡಿದ್ದರಿಂದ.

ನನ್ನದೇ ಒಂದು ಮಾತು ಹೇಳಿಬಿಡ್ತೀನಿ. ಪಿಎಚ್.ಡಿ ಮೂರನೇ ವರ್ಷದಲ್ಲಿ ನನಗೆ ಕಾಮಾಲೆ ಆಗಿತ್ತು. ಫೆಲೋಶಿಪ್ ಬಂದು ಏಳು ತಿಂಗಳಾಗಿತ್ತು, ಮೆಸ್ಸಿನ ಬಾಕಿ ಬೆಳೆದಿತ್ತು, ನಾಚಿಕೆಗೆ ಮೆಸ್ಸಿಗೆ ಹೋಗುವುದನ್ನೇ ಕಮ್ಮಿ ಮಾಡಿದ್ದೆ. ವಾರಕ್ಕೊಮ್ಮೆ ಗೈಡ್ ಮುಂದೆ ಕೂರುತ್ತಿದ್ದೆ. ಅವರು ಕೆಟ್ಟವರಲ್ಲ. ಅಧ್ಯಾಯ ಎಲ್ಲಿಗೆ ಬಂತು ಅಂತ ಕೇಳೋರು, ನಾನು ಹೇಳ್ತಿದ್ದೆ. ನನ್ನ ಕಣ್ಣು ಹಳದಿಯಾಗಿದೆ ಅಂತ ಮೊದಲು ನೋಡಿದ್ದು ಮೆಸ್ಸಿನಲ್ಲಿ ಅಡುಗೆ ಮಾಡುವ ಅಕ್ಕ. ನಾಲ್ಕು ದಿನದಿಂದ ಕಾಣ್ತಿಲ್ವಲ್ಲ ಅಂತ ರೂಮಿನ ಬಾಗಿಲು ತಟ್ಟಿದವರು ಅವರು. ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದವರೂ ಅವರೇ. ನನ್ನ ಪ್ರಬಂಧದ ಕೃತಜ್ಞತೆ ಪುಟದಲ್ಲಿ ಅವರ ಹೆಸರಿಲ್ಲ. ಆಗ ಹೊಳೆದಿರಲಿಲ್ಲ.

ಕೇಂಬ್ರಿಡ್ಜಿಗೆ ವಾಪಸ್ ಬರೋಣ. ಯುದ್ಧದಿಂದ ಕ್ಯಾಂಪಸ್ ಖಾಲಿಯಾಯಿತು. ಹಾರ್ಡಿಯ ಜೊತೆಗಾರ ಲಿಟಲ್‌ವುಡ್ ಸೇನೆಯ ಕೆಲಸಕ್ಕೆ ಹೋದರು. ಟ್ರಿನಿಟಿಯ ಅಂಗಳದಲ್ಲೇ ಗಾಯಾಳು ಸೈನಿಕರ ಆಸ್ಪತ್ರೆ ನಡೆಯಿತು. ಈ ಮಧ್ಯೆ ರಾಮಾನುಜನ್ ಒಂದರ ಮೇಲೊಂದು ಲೇಖನ ಪ್ರಕಟಿಸಿದರು. 1916ರಲ್ಲಿ ಸಂಶೋಧನೆಯ ಆಧಾರದ ಮೇಲೆ ಬಿ.ಎ. ಪದವಿಯೂ ಬಂತು. ಪ್ರಗತಿ ವರದಿ ನೋಡುವವರಿಗೆ ಎಲ್ಲವೂ ಅದ್ಭುತ.

ವರದಿಯಲ್ಲಿ ಬಾರದ ಸೂಚನೆಗಳೂ ಇದ್ದವು. ಒಮ್ಮೆ ಭಾರತದ ಗೆಳೆಯರೊಬ್ಬರನ್ನೂ ಅವರು ಮದುವೆಯಾಗಲಿದ್ದ ಹುಡುಗಿಯನ್ನೂ ಊಟಕ್ಕೆ ಕರೆದು ತಾವೇ ಅಡುಗೆ ಮಾಡಿ ಬಡಿಸಿದರು. ಇನ್ನೊಂದು ಸಲ ಸಾರು ಹಾಕಲು ಹೋದಾಗ ಅವರು ಸಾಕು ಅಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ರಾಮಾನುಜನ್ ಕೋಣೆಯಲ್ಲೇ ಇಲ್ಲ. ಕೆಲವು ದಿನ ಕಳೆದು ಆಕ್ಸ್‌ಫರ್ಡಿನಿಂದ ದುಡ್ಡು ಕೇಳಿ ತಂತಿ ಬಂತು. ಬೇಜಾರಾಗಿ ಎದ್ದು ಹೋಗಿದ್ದರು. ಇದನ್ನೂ ನಾವು ಮೇಧಾವಿಯ ವಿಚಿತ್ರ ಸ್ವಭಾವ ಅಂತ ನಗುತ್ತಾ ಹೇಳ್ತೀವಿ. ಬಳಲಿದ ಮನಸ್ಸು ಸಣ್ಣ ಮಾತಿಗೂ ಮುರಿಯುತ್ತೆ ಅಂತ ಯೋಚಿಸಲ್ಲ.

ಊರಿನ ಕಾಗದಗಳೂ ನಿಂತಿದ್ದವು. ಅತ್ತೆ ಸೊಸೆಯ ಜಗಳದಲ್ಲಿ ಜಾನಕಿ ಬರೆದ ಕಾಗದಗಳನ್ನು ತಾಯಿ ಕೋಮಲತ್ತಮ್ಮಾಳ್ ತಡೆದು ಇಟ್ಟುಕೊಳ್ಳುತ್ತಿದ್ದರು. ಹೆಂಡತಿ ತನ್ನನ್ನು ಮರೆತಳು ಅಂತ ರಾಮಾನುಜನ್ ಅಂದುಕೊಂಡರು. ಇದ್ಯಾವುದೂ ದಿನಾ ಭೇಟಿಯಾಗುತ್ತಿದ್ದ ಹಾರ್ಡಿಗೆ ತಿಳಿದಿರಲಿಲ್ಲ. ಹಾರ್ಡಿ ಸಂಕೋಚದ ಮನುಷ್ಯ, ಇನ್ನೊಬ್ಬರ ಖಾಸಗಿ ಬದುಕಿಗೆ ಕೈ ಹಾಕುವವರಲ್ಲ. ಅದು ಅವರ ದೃಷ್ಟಿಯಲ್ಲಿ ಮರ್ಯಾದೆ. ಇಬ್ಬರ ನಡುವೆ ಗಣಿತ ಇತ್ತು, ಗಣಿತವಷ್ಟೇ ಇತ್ತು.

1917ರ ವಸಂತದಲ್ಲಿ ದೇಹ ಕೈಕೊಟ್ಟಿತು. ಮೊದಲು ಕೇಂಬ್ರಿಡ್ಜಿನ ನರ್ಸಿಂಗ್ ಹೋಮ್, ಆಮೇಲೆ ಒಂದಾದ ಮೇಲೊಂದು ಸ್ಯಾನಟೋರಿಯಂ. ಹೊಟ್ಟೆಯ ಹುಣ್ಣು ಅಂದರು, ಕೊನೆಗೆ ಕ್ಷಯ ಅಂತ ಚಿಕಿತ್ಸೆ ಮಾಡಿದರು. ಕ್ಷಯಕ್ಕೆ ಆಗಿನ ಚಿಕಿತ್ಸೆ ತಣ್ಣನೆಯ ತೆರೆದ ಗಾಳಿ. ಮೊದಲೇ ಚಳಿಗೆ ನಲುಗಿದ್ದವರನ್ನು ಮತ್ತೆ ಚಳಿಯಲ್ಲಿ ಮಲಗಿಸಿದರು. ಮ್ಯಾಟ್ಲಾಕ್‌ನ ಸ್ಯಾನಟೋರಿಯಂ ಊಟ ಅವರಿಗೆ ಸೇರುತ್ತಲೇ ಇರಲಿಲ್ಲ. 1994ರಲ್ಲಿ ಡಿ.ಎ.ಬಿ. ಯಂಗ್ ಎಂಬ ಬ್ರಿಟಿಷ್ ಸಂಶೋಧಕರು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಪರಿಶೀಲಿಸಿ ಒಂದು ವಾದ ಮಂಡಿಸಿದರು. ಅದು ಕ್ಷಯ ಆಗಿರಲಿಕ್ಕಿಲ್ಲ, ಅಮೀಬಾದಿಂದ ಯಕೃತ್ತಿಗೆ ಆಗುವ ಸೋಂಕು ಇರಬೇಕು, ಬೀಜ ಮದ್ರಾಸಿನ ಆ ಹಳೆಯ ಆಮಶಂಕೆಯಲ್ಲೇ ಇತ್ತು ಅಂತ. ಪತ್ತೆಯಾಗಿದ್ದರೆ ಆ ಕಾಲದಲ್ಲೇ ಅದಕ್ಕೆ ಚಿಕಿತ್ಸೆ ಇತ್ತು. ಇದು ನಿಜವಾಗಿದ್ದರೆ, ಅವರು ಎಲ್ಲಿಂದ ಬಂದವರು, ಹಿಂದೆ ಏನೇನು ಕಾಯಿಲೆ ಆಗಿತ್ತು ಅನ್ನುವುದನ್ನು ಕೂತು ಪೂರ್ತಿ ಕೇಳಿ ಜೋಡಿಸುವ ಒಬ್ಬ ಡಾಕ್ಟರ್ ಸಾಕಾಗುತ್ತಿತ್ತು.

1917ರ ಅಕ್ಟೋಬರ್‌ನಲ್ಲಿ ಟ್ರಿನಿಟಿಯ ಫೆಲೋ ಆಗುವ ಅವಕಾಶ ತಪ್ಪಿತು. 1918ರ ಆರಂಭದಲ್ಲಿ ರಾಮಾನುಜನ್ ಲಂಡನ್ನಿನಲ್ಲಿ ಜೀವ ಕಳೆದುಕೊಳ್ಳಲು ಹೋದರು. ಸುರಂಗ ರೈಲಿನ ಸಿಬ್ಬಂದಿಯೊಬ್ಬರ ಸಮಯಪ್ರಜ್ಞೆಯಿಂದ ಬದುಕಿದರು. ಆತ್ಮಹತ್ಯೆ ಯತ್ನ ಆಗ ಅಪರಾಧ, ಪೊಲೀಸರು ಹಿಡಿದುಕೊಂಡು ಹೋದರು. ಹಾರ್ಡಿ ಓಡಿ ಬಂದರು. ರಾಮಾನುಜನ್ ಆಗಲೇ ರಾಯಲ್ ಸೊಸೈಟಿಯ ಫೆಲೋ ಅಂತ ಪೊಲೀಸರಿಗೆ ಸುಳ್ಳು ಹೇಳಿ ಬಿಡಿಸಿಕೊಂಡರು. ಆ ಸುಳ್ಳು ಅದೇ ವರ್ಷ ನಿಜವಾಯಿತು. ಅಕ್ಟೋಬರ್‌ನಲ್ಲಿ ಟ್ರಿನಿಟಿಯ ಫೆಲೋಶಿಪ್ ಕೂಡ ಬಂತು, ಆ ಗೌರವ ಪಡೆದ ಮೊದಲ ಭಾರತೀಯ. ಅದಕ್ಕೂ ವಿರೋಧ ಇತ್ತು. ಕೆಲವರಿಗೆ ಮೈಬಣ್ಣದ ತಕರಾರು. ಜೊತೆಗೆ ಅವರ ಮನಸ್ಸು ಸ್ಥಿಮಿತದಲ್ಲಿಲ್ಲ ಅಂತ ಗುಸುಗುಸು. ನೊಂದದ್ದನ್ನೇ ಅನರ್ಹತೆ ಮಾಡುವ ಚಾಳಿ ಹಳೆಯದು. ಈಗಲೂ ನಮ್ಮ ಹುಡುಗರು ಆಪ್ತಸಮಾಲೋಚಕರ ಕೋಣೆಗೆ ಹೋಗಲು ಹೆದರುವುದು ಇದಕ್ಕೇ. ಗೈಡ್‌ಗೆ ಗೊತ್ತಾದರೆ, ಶಿಫಾರಸು ಪತ್ರ ಕೆಟ್ಟರೆ?

ಹಾರ್ಡಿ ಪ್ರೀತಿಯಿಂದಲೇ ಎಲ್ಲ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಈ ಗೌರವಗಳು ಗೆಳೆಯನ ಮನಸ್ಸನ್ನು ಎತ್ತುತ್ತವೆ ಅಂತ ನಂಬಿದ್ದರು. ಕೊಂಚ ಎತ್ತಿದವೂ ಹೌದು. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. 1919ರ ಮಾರ್ಚ್ ಕೊನೆಗೆ ಬಾಂಬೆ ಬಂದರಿಗೆ ಇಳಿದಾಗ ತಾಯಿ ಕಾದಿದ್ದರು, ಜಾನಕಿ ಇರಲಿಲ್ಲ. ಆಮೇಲೆ ಜಾನಕಿ ಬಂದು ಕೊನೆಯವರೆಗೂ ಶುಶ್ರೂಷೆ ಮಾಡಿದರು. ಹಾಸಿಗೆ ಹಿಡಿದೇ ರಾಮಾನುಜನ್ ಹೊಸ ಗಣಿತ ಬರೆದರು, 1920ರ ಜನವರಿಯಲ್ಲಿ ಹಾರ್ಡಿಗೆ ಕೊನೆಯ ಕಾಗದ ಹಾಕಿದರು. 1920ರ ಏಪ್ರಿಲ್ 26ರಂದು ಮದ್ರಾಸಿನ ಚೇಟ್‌ಪಟ್‌ನಲ್ಲಿ ತೀರಿಕೊಂಡರು. ವಯಸ್ಸು 32. ಸಮುದ್ರ ದಾಟಿದವನು ಅಂತ ಎಷ್ಟೋ ಮಂದಿ ಸಂಬಂಧಿಕರು ಅಂತ್ಯಕ್ರಿಯೆಗೂ ಬರಲಿಲ್ಲ.

ಇದು ನೂರು ವರ್ಷದ ಹಿಂದಿನ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಆರೋಗ್ಯಕ್ಕೆ ಯುಜಿಸಿ 2023ರಲ್ಲಿ ಮಾರ್ಗಸೂಚಿ ತಂದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು ಅಂತ ಹೇಳಿದೆ. ಒಳ್ಳೆಯದೇ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಯಾವ ಹೊತ್ತಿನಲ್ಲೂ ಉಚಿತವಾಗಿ ಮಾತಾಡಬಹುದು. ದಯವಿಟ್ಟು ಬಳಸಿಕೊಳ್ಳಿ. ಆದರೆ ಇವೆಲ್ಲ ಹಾಸಿಗೆಗೆ ಸಿಕ್ಕಿಸಿಟ್ಟ ಕಂಬಳಿಗಳು. ನೋಟಿಸ್ ಬೋರ್ಡಿನಲ್ಲಿ ನಂಬರ್ ಅಂಟಿಸಿ, ಯೋಗ ದಿನದ ಫೋಟೊ ತೆಗೆಸಿಕೊಂಡು ಕೆಲಸ ಮುಗಿಯಿತು ಅಂದುಕೊಂಡರೆ ಹುಡುಗರು ಮೇಲೆ ಮಲಗಿ ನಡುಗುತ್ತಲೇ ಇರ್ತಾರೆ.

ಸ್ನಾತಕೋತ್ತರ, ಪಿಎಚ್.ಡಿ ವಿದ್ಯಾರ್ಥಿಗಳ ಕಷ್ಟ ಬೇರೆ ಥರದ್ದು. ಅವರಿಗೆ ದಿನಾ ಕ್ಲಾಸ್ ಇರಲ್ಲ, ಹಾಜರಿ ಕೂಗುವವರಿರಲ್ಲ. ನಾಲ್ಕು ದಿನ ಕಾಣದಿದ್ದರೆ ಲೈಬ್ರರಿಯಲ್ಲಿ ಇರಬೇಕು ಅಂದುಕೊಳ್ತೀವಿ. ಆದ್ದರಿಂದ ಫೆಲೋಶಿಪ್ ತಿಂಗಳು ತಿಂಗಳು ಬರಲಿ. ಅವರವರ ಊಟ ಮೆಸ್ಸಿನಲ್ಲಿ ಸಿಗಲಿ, ಒಟ್ಟಿಗೆ ಕೂತು ಉಣ್ಣುವ ಹಾಗಿರಲಿ. ದೂರದ ಊರಿನಿಂದ ಬಂದ ಹೊಸಬರಿಗೆ ಹಿರಿಯ ವಿದ್ಯಾರ್ಥಿಯೊಬ್ಬರು ಜೊತೆಯಾಗಲಿ. ಸಮಾಲೋಚಕರ ಬಳಿ ಹೋದ ವಿಷಯ ವಿಭಾಗದ ಕಾರಿಡಾರಿಗೆ ಬರದಿರಲಿ. ಇನ್ನು ನಮ್ಮಂಥ ಮೇಷ್ಟ್ರುಗಳು ಅಧ್ಯಾಯದ ಬಗ್ಗೆ ಕೇಳುವ ಮೊದಲು ತಲೆ ಎತ್ತಿ ಎದುರಿಗಿರುವವರ ಮುಖ ನೋಡಬೇಕು. ಊಟ ಆಯ್ತಾ ಅಂತ ಕೇಳಬೇಕು. ಆಯ್ತು ಅಂದರೆ ಏನು ಉಂಡೆ ಅಂತಲೂ ಕೇಳಬೇಕು.

ಬರುವ ಡಿಸೆಂಬರ್‌ನಲ್ಲೂ ಭಾಷಣ ನನ್ನದೇ ಇರಬಹುದು. ಟ್ಯಾಕ್ಸಿ ಕಥೆ ಬಿಡಲ್ಲ, ಹುಡುಗರಿಗೆ ಇಷ್ಟ ಅದು. ಆದರೆ ಆ ಟ್ಯಾಕ್ಸಿ ಎಲ್ಲಿಗೆ ಹೊರಟಿತ್ತು ಅನ್ನೋದನ್ನು ಈ ಸಲ ಮೊದಲೇ ಹೇಳ್ತೀನಿ.