ಸರ್ ವಿಕ್ಟರ್ ಹಾರ್ಸ್ಲಿ

1887ರ ಜೂನ್ ತಿಂಗಳು. ಲಂಡನ್ ನಗರದಲ್ಲಿ ಕ್ಯಾಪ್ಟನ್ ಗಿಲ್ಬಿ ಎಂಬ ಗೃಹಸ್ಥರು ಹಾಸಿಗೆ ಹಿಡಿದಿದ್ದರು. ಮೂರು ವರ್ಷಗಳ ಹಿಂದೆ ಎಡ ಹೆಗಲಿನ ಕೆಳಗೆ ಕಾಣಿಸಿಕೊಂಡ ನೋವು ಅವರನ್ನು ಹಿಂಡಿ ಹಿಪ್ಪೆ ಮಾಡಿತ್ತು. ಅನೇಕ ವೈದ್ಯರಿಗೆ ಅದರ ಕಾರಣ ತಿಳಿಯಲಿಲ್ಲ. ಕಡೆಗೆ ಎರಡು ಕಾಲುಗಳೂ ಶಕ್ತಿಗುಂದಿ, ಸ್ಪರ್ಶಜ್ಞಾನವನ್ನೂ ಕಳೆದುಕೊಂಡವು. ಬೆನ್ನುಹುರಿಯನ್ನು ಒಂದು ಗಡ್ಡೆ ಅದುಮುತ್ತಿದೆಯೆಂದು ನಿರ್ಧರಿಸಿದವರು ನರರೋಗತಜ್ಞ ವಿಲಿಯಂ ಗೋವರ್ಸ್. ಅದನ್ನು ತೆಗೆಯಲು ಅವರು ವಿಕ್ಟರ್ ಹಾರ್ಸ್ಲಿಯವರನ್ನು ಕರೆಸಿದರು.

ಆಗ ಹಾರ್ಸ್ಲಿಯವರಿಗೆ ಮೂವತ್ತೇ ವರ್ಷ. 1857ರಲ್ಲಿ ಚಿತ್ರಕಾರರೊಬ್ಬರ ಮಗನಾಗಿ ಜನಿಸಿದ ಅವರು, ಮಿದುಳಿನ ಯಾವ ಭಾಗವು ಯಾವ ಅಂಗವನ್ನು ಆಳುತ್ತದೆಂಬುದನ್ನು ಪ್ರಯೋಗಗಳಿಂದ ಪರಿಶೀಲಿಸಿದ್ದರು. 1886ರಲ್ಲಿ ಕ್ವೀನ್ ಸ್ಕ್ವೇರಿನ ನರರೋಗಗಳ ಆಸ್ಪತ್ರೆಗೆ ಶಸ್ತ್ರವೈದ್ಯರಾಗಿ ಸೇರಿ, ಮಿದುಳಿನ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ್ದರು. ಆದರೆ ಬೆನ್ನುಹುರಿಯ ಪೊರೆಯೊಳಗಿನ ಗಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದ ನಿದರ್ಶನ ಅದುವರೆಗೆ ಇರಲಿಲ್ಲ.

ಇಂದು ಸೊರಬ ತಾಲ್ಲೂಕಿನ ಜಡೆಯಂತಹ ಊರಿನವರಿಗೂ ಸ್ಕ್ಯಾನಿಂಗ್ ಎಂಬ ಮಾತು ಹೊಸದಲ್ಲ. ಆದರೆ ಅಂದು ಕ್ಷ-ಕಿರಣವೂ ಇರಲಿಲ್ಲ. ಅದು ಪತ್ತೆಯಾದದ್ದು 1895ರಲ್ಲಿ. ಚರ್ಮದ ಸ್ಪರ್ಶಜ್ಞಾನ ಎಲ್ಲಿಯವರೆಗೆ ಉಳಿದಿದೆ, ಎಲ್ಲಿಂದ ಅಳಿದಿದೆ ಎಂಬುದಷ್ಟೇ ವೈದ್ಯರಿಗೆ ದಾರಿದೀಪ. ಈ ಗುರುತನ್ನು ನಂಬಿ ಹಾರ್ಸ್ಲಿಯವರು ಬೆನ್ನೆಲುಬನ್ನು ತೆರೆದರು. ಗಡ್ಡೆ ಕಾಣಿಸಲಿಲ್ಲ! ಅಲ್ಲಿಗೇ ನಿಲ್ಲಿಸಿ ಗಾಯವನ್ನು ಹೊಲಿದಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ರೋಗಿಗೆ ಮರಣವೇ ಗತಿಯಾಗುತ್ತಿತ್ತು. ಬೆನ್ನುಹುರಿಯಿಂದ ಹೊರಟ ನರಗಳು ತುಸು ದೂರ ಕೆಳಗಿಳಿದು ಎಲುಬಿನಿಂದ ಹೊರಬರುವುದರಿಂದ, ರೋಗದ ಮೂಲ ಎಣಿಸಿದ್ದಕ್ಕಿಂತ ಮೇಲಿರುವುದು ಸಾಧ್ಯವಿತ್ತು. ಹಾರ್ಸ್ಲಿಯವರು ಇನ್ನೂ ಮೇಲಿನ ಎಲುಬನ್ನು ತೆಗೆದು ನೋಡಿದರು. ಬಾದಾಮಿಯಾಕಾರದ ಗಡ್ಡೆಯೊಂದು ಅಲ್ಲಿ ಬೆನ್ನುಹುರಿಯನ್ನು ಒತ್ತಿಕೊಂಡಿತ್ತು. ಅದನ್ನು ಮೆಲ್ಲನೆ ಬಿಡಿಸಿ ಹೊರತೆಗೆದರು.

ಗುಣವಾದದ್ದು ಒಂದು ದಿನದಲ್ಲಲ್ಲ. ಕಾಲುಗಳಿಗೆ ಚಲನೆ ನಿಧಾನವಾಗಿ ಮರಳಿತು. ನೋವೂ ಕ್ರಮೇಣ ಅಡಗಿತು. ಒಂದು ವರ್ಷದ ತರುವಾಯ ಗಿಲ್ಬಿಯವರು ದಿನಕ್ಕೆ ಹದಿನಾರು ಗಂಟೆಗಳ ಕಾಲ, ನಿಂತು, ನಡೆದಾಡಿ ದುಡಿಯುತ್ತಿದ್ದರು.

ಎಲ್ಲ ರೋಗಿಗಳಿಗೂ ಈ ಭಾಗ್ಯ ಲಭಿಸಲಿಲ್ಲ. ಮಿದುಳಿನ ಗಡ್ಡೆಯುಳ್ಳ ಹಲವರು ಕಾಲ ಮೀರಿದ ಮೇಲೆ ಶಸ್ತ್ರವೈದ್ಯರ ಬಳಿಗೆ ಬರುತ್ತಿದ್ದರು. ಎಲುಬಿನ ರಕ್ತಸ್ರಾವವನ್ನು ತಡೆಯಲು ಹಾರ್ಸ್ಲಿಯವರು ಬಳಕೆಗೆ ತಂದ ಮೇಣ ಮುಂದಿನ ಶಸ್ತ್ರವೈದ್ಯರಿಗೆ ಬಹುವಾಗಿ ನೆರವಾಯಿತು. 1902ರಲ್ಲಿ ಅವರಿಗೆ 'ಸರ್' ಪದವಿ ದೊರೆಯಿತು. ಮದ್ಯಪಾನವನ್ನು ಉಗ್ರವಾಗಿ ವಿರೋಧಿಸಿದ, ಸ್ತ್ರೀಯರ ಮತದಾನದ ಹಕ್ಕಿಗಾಗಿ ವಾದಿಸಿದ ಅವರಿಗೆ ವಿರೋಧಿಗಳೂ ಕಡಿಮೆಯಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಅವರು ಮೆಸೊಪೊಟೇಮಿಯಕ್ಕೆ ತೆರಳಿದರು. ಅಲ್ಲಿ ಭಾರತೀಯ ಸೈನಿಕರೂ ಬಹುಸಂಖ್ಯೆಯಲ್ಲಿದ್ದರು. ಗಾಯಾಳುಗಳ ಶುಶ್ರೂಷೆಯ ಕೊರತೆಗಳನ್ನು ಕಂಡು ಅವರು ಸುಮ್ಮನಿರಲಿಲ್ಲ. 1916ರ ಜುಲೈ 16ರಂದು, ಅಮಾರಾ ಪಟ್ಟಣದಲ್ಲಿ, ಬಿಸಿಲಿನ ಬೇಗೆ ತಾಳದೆ ಅವರು ಅಸುನೀಗಿದರು. ಅವರನ್ನು ಅಲ್ಲಿಯೇ ಸಮಾಧಿ ಮಾಡಲಾಯಿತು.